ಹಸುವಿನ ಬೆವರು ಮೂಸುವ ಪಟ್ಟಿ

ಮೋಟಾರು ರಿಪೇರಿಯ ಕೆಂಪೀರಯ್ಯ ಕೊಟ್ಟಿಗೆಗೆ ಬಂದದ್ದು ಹೀರೋ ಎಂಟ್ರಿ ಕೊಡುವ ಹಾಗೆ, ಆದರೆ ಸಗಣಿಯ ಮೇಲೆ ಜಾರಿಕೊಂಡು. ಕೈಯಲ್ಲೊಂದು ಕೊರಳಪಟ್ಟಿ. ಹಳೆಯ ಬೆಲ್ಟು, ಒಡೆದ ಮೊಬೈಲು, ಆಟಿಕೆಯಿಂದ ಕಿತ್ತ ಸ್ಪೀಕರು. ಎಲ್ಲ ಸೇರಿ ಒಂದು ಕ್ವಾರ್ಟರ್ ಬಾಟಲಿಗಿಂತ ಅಗ್ಗ.

“ಇದು ಬೆವರು ಮೂಸ್ತದೆ, ಮೈಕಾವು ನೋಡ್ತದೆ, ಹಸಕ್ಕೆ ಕಾಯಿಲೆ ಬರೋ ಮುಂಚೆನೇ ಕೂಗಿ ಹೇಳ್ತದೆ. ನಾನ್ ಒಂದ್ ಸಲ ಸ್ವಿಚ್ ಹಾಕಿದ್ರೆ, ಕಾಯಿಲೆನೇ ಪರ್ಮಿಷನ್ ಕೇಳ್ಕೊಂಡ್ ಬರ್ಬೇಕು” ಎಂದ.

“ಮೊದ್ಲು ಕಾಲು ತೊಳ್ಕೊ” ಎಂದಳು ಹೆಂಡತಿ ಸಾಕಮ್ಮ.

ಆದರೂ ಬೇಡವೆನ್ನಲಿಲ್ಲ. ಹಿಂದಿನ ಹಸುವಿಗೆ ಕೆಚ್ಚಲು ಬಾವು ಬಂದದ್ದು ಗೊತ್ತಾಗುವಷ್ಟರಲ್ಲಿ ಹಾಲೇ ನಿಂತುಹೋಗಿತ್ತು. ಈಗ ಉಳಿದವಳು ಮಲ್ಲಿ ಒಬ್ಬಳೇ. ಮಲ್ಲಿಯ ಹಾಲು ಡೇರಿಗೆ ಹೋದರೆ ಮನೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಡೇರಿ ಸೆಕ್ರೆಟರಿ ಬೋರೇಗೌಡನಿಗಂತೂ ಪಟ್ಟಿ ಬಹಳ ಹಿಡಿಸಿತು. ಡೇರಿಯ ಕಂಪ್ಯೂಟರಿಗೆ ಜೋಡಿಸಿಕೊಂಡೇಬಿಟ್ಟ. ಪಟ್ಟಿ ‘ಆರೋಗ್ಯ’ ಎಂದರೆ ಹಾಲು ಒಳಗೆ, ‘ರೋಗ’ ಎಂದರೆ ಹೊರಗೆ. ಹಸು ಬೆದೆಗೆ ಬಂದರೆ, ಗರ್ಭ ಕಟ್ಟಿಸುವ ಇಂಜೆಕ್ಷನ್ ಸಣ್ಣಪ್ಪನಿಗೆ ತಾನಾಗಿಯೇ ಮೆಸೇಜು ಹೋಗುವ ಸೌಲಭ್ಯವೂ ಇತ್ತು.

ಆರೋಗ್ಯವಂತ ಹಸುವಿನ ಬೆವರು ಹೇಗಿರುತ್ತದೆಂದು ಪಟ್ಟಿಗೆ ಮೊದಲು ಕಲಿಸಬೇಕಿತ್ತು. ಮಲ್ಲಿ ಗಂಡಸರನ್ನು ಹತ್ತಿರ ಸೇರಿಸುವವಳಲ್ಲ. ಹೆಂಡತಿ ತವರಿಗೆ ಹೋದಾಗ ಹಾಲು ಕರೆಯಲು ಆ ಊರಿನ ಗಂಡಸರು ಮಾಡುವುದನ್ನೇ ಕೆಂಪೀರಯ್ಯನೂ ಮಾಡಿದ. ಸಾಕಮ್ಮನ ಸೀರೆ ಸುತ್ತಿ, ತಲೆಯ ಮೇಲೆ ಸೆರಗು ಹೊದ್ದು ಹಸುವಿನ ಪಕ್ಕ ಕೂತ. ಪಟ್ಟಿಯ ಮಿಣುಕುವ ದೀಪ ಕಂಡು ಹಸು ಬೆದರದಿರಲಿ ಎಂದು ಅದನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಮಲ್ಲಿ ಮೋಸಹೋದಳು. ಪಟ್ಟಿಯೂ ಮೋಸಹೋಯಿತು. ಅದು ಕಲಿತದ್ದೆಲ್ಲ ಕೆಂಪೀರಯ್ಯನ ಬೆವರು.

ಮಾರನೆಯ ಬೆಳಿಗ್ಗೆ ಸಾಕಮ್ಮ ಅದನ್ನು ಮಲ್ಲಿಯ ಕೊರಳಿಗೆ ಕಟ್ಟಿದಳು. “ರೋಗ. ರೋಗ” ಎಂದಿತು.

ಡೇರಿಯಲ್ಲಿ ಬೋರೇಗೌಡ ಸಾಕಮ್ಮನ ಕ್ಯಾನಿನ ಮುಚ್ಚಳವನ್ನೇ ತೆಗೆಯಲಿಲ್ಲ.

“ಬೋರಣ್ಣ, ಮೇವು ತಿಂತಾಳೆ, ಮೆಲುಕು ಹಾಕ್ತಾಳೆ, ಒದೀತಾಳೆ. ಇನ್ನೇನ್ ಆರೋಗ್ಯ ಬೇಕು?”

“ನಂಗೂ ಗೊತ್ತು ಕಣಕ್ಕ. ಕಂಪ್ಯೂಟರ್ ಒಪ್ಪಕಿಲ್ಲ.”

ದಿನವೂ ಅದೇ ಹಾಡು. ಹಾಲೆಲ್ಲ ಮೊಸರಾಯಿತು. ಕೊನೆಗೆ ಬೀದಿನಾಯಿಗಳೂ ಸಾಕಮ್ಮನ ಮೊಸರು ಕಂಡರೆ ಬೇರೆ ಬೀದಿ ಹಿಡಿದವು.

“ರಿಪೇರಿಯೋನು, ಕೆಟ್ಟಿದ್ದನ್ನ ಸರಿಮಾಡ್ತಾನೆ ಅಂತ ನಮ್ಮವ್ವ ಕೊಟ್ಲು. ಸರಿಯಾಗಿರೋದ್ನ ಕೆಡಿಸ್ತಾನೆ ಅಂತ ಯಾರೂ ಹೇಳ್ಲಿಲ್ಲ.”

“ಮಿಷಿನ್ನು ಸರಿಯಾಗೇ ಐತೆ ಕಣೆ. ಕಲಿಸ್ದಾಗ ಇದ್ದಂಗೇ ಇರ್ಬೇಕು, ಅಷ್ಟೆ. ಸೀರೆ ಕೊಡು.”

ಅವನು ಸೀರೆಯುಟ್ಟು, ಮಲ್ಲಿಯನ್ನು ಹೊಡೆದುಕೊಂಡು ಡೇರಿಗೇ ಹೋದ. ಕ್ಯಾನು ಹೊತ್ತು ಸಾಕಮ್ಮ ಹಿಂದೆ ನಡೆದಳು. ಹಾಲು ಹಾಕಲು ನಿಂತ ಸಾಲಿನ ಎದುರು ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡ. “ಆರೋಗ್ಯ ಉತ್ತಮ” ಎಂದಿತು. ಸಾಕಮ್ಮನಿಗೆ ಹೋದ ಜೀವ ಬಂದಂತಾಯಿತು. ಮಲ್ಲಿಗೆ ಕಟ್ಟಿದರೆ “ರೋಗ.” ಕಂಕುಳಲ್ಲಿಟ್ಟರೆ “ಆರೋಗ್ಯ ಉತ್ತಮ.”

“ಕೆಂಪೀರಣ್ಣ, ಹಸ ನೀನೇ ಕಣಣ್ಣ” ಎಂದ ಬೋರೇಗೌಡ.

ಸಾಲು ನಕ್ಕಿತು. ಅವಮಾನಕ್ಕೆ ಕೆಂಪೀರಯ್ಯನ ಮೈ ಬಿಸಿಯೇರಿತು. ಸೆರಗು ಸಿಕ್ಕಿಸಿಕೊಂಡು ಆ ಕಡೆಯಿಂದ ಈ ಕಡೆಗೆ ಓಡಾಡತೊಡಗಿದ. ಮೈಕಾವು ಹೆಚ್ಚು, ನಿಂತಲ್ಲಿ ನಿಲ್ಲುತ್ತಿಲ್ಲ. ಕಂಕುಳಲ್ಲಿದ್ದ ಪಟ್ಟಿ ಲೆಕ್ಕ ಹಾಕಿತು.

“ಬೆದೆ. ಬೆದೆ.”

ಮೆಸೇಜು ಮಾತ್ರ ಸರಿಯಾಗಿ ಹೋಯಿತು. ಪಕ್ಕದ ಬೀದಿಯಲ್ಲೇ ಇದ್ದ ಸಣ್ಣಪ್ಪ ಬೈಕಿಳಿದು, ತೋಳುದ್ದದ ಗ್ಲೌಸು ಎಳೆದುಕೊಳ್ಳುತ್ತಲೇ ಬಂದ.

“ಎಲ್ಲಿ ಹಸ?”

ಸಾಲಿನಲ್ಲಿದ್ದವರೆಲ್ಲ ಒಂದೇ ಕಡೆ ಬೆರಳು ತೋರಿಸಿದರು. ಸಣ್ಣಪ್ಪ ಸೀರೆ ನೋಡಿದ, ಮೀಸೆ ನೋಡಿದ.

“ಈ ತಳಿಗೆ ನನ್ ತಾವ ಇಂಜೆಕ್ಷನ್ ಇಲ್ಲ” ಎಂದು ಗ್ಲೌಸು ಕಳಚಿದ.

ಸಾಕಮ್ಮ ನಗಲಿಲ್ಲ. “ನೀವೆಲ್ಲ ನಕ್ಕಿದ್ದಾಯ್ತಲ್ಲ. ಈಗಲಾದ್ರೂ ನನ್ ಹಾಲು ತಗೊ ಬೋರಣ್ಣ.”

ಬೋರೇಗೌಡ ಕಂಪ್ಯೂಟರಿನೊಳಗೆ ಇಣುಕಿದ.

“ದಿನಾ ರೋಗ ಅಂತ ಮಲ್ಲಿ ಹೆಸ್ರನ್ನ ಇದು ತೆಗೆದಾಕ್ಬುಟ್ಟದೆ ಕಣಕ್ಕ. ನಿನ್ ಹೆಸ್ರಲ್ಲಿ ಈಗಿರೋದು ಒಂದೇ ಹಸ. ಕಂಕುಳಲ್ಲಿ ಪಟ್ಟಿ ಇಟ್ಕೊಂಡು ನಿಂತದಲ್ಲ, ಅದು. ಅದರ ಹಾಲಾದ್ರೆ ಎಷ್ಟ್ ತಂದ್ರೂ ತಗೋತೀನಿ.”

ಸಾಕಮ್ಮ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಂಬಿದ ಕ್ಯಾನನ್ನು ಮತ್ತೆ ಸೊಂಟಕ್ಕೇರಿಸಿಕೊಂಡಳು.

“ಅದು ಗೊಡ್ಡು ಕಣಣ್ಣ. ಮೇಯೋದೊಂದೇ.”