ಹೊಗೆಯಿಲ್ಲದ ಹಬೆ

ಕಾರ್ಟರೆಟ್ ಸಾಹೇಬರು ಹೊಗೆಕೊಳವೆಗೆ ಮತ್ತೊಂದು ಸಲ ಬಣ್ಣ ಬಳಿಸಿದ್ದೇ ಎಲ್ಲ ರಗಳೆಗೂ ಮೂಲ.

ಮಾಲ್ಟಾ ಬಂದರಿನಲ್ಲಿ ನಿಂತಿದ್ದ ಆ ಮರದ ಫಿರಂಗಿದೋಣಿಗೆ ಹಾಯಿಯೂ ಇತ್ತು, ಹಬೆಯ ಎಂಜಿನ್ನೂ ಇತ್ತು. ಹಾಯಿ ಬಿಚ್ಚುವಾಗ ಕೊಳವೆಯನ್ನು ಒಳಗಿಳಿಸಿ, ಪ್ರೊಪೆಲರನ್ನು ನೀರಿನಿಂದ ಮೇಲೆತ್ತಬೇಕು. ಎಂಜಿನ್ ನಡೆಸುವಾಗ ಕೊಳವೆ ಮೇಲೆ, ಪ್ರೊಪೆಲರ್ ಕೆಳಗೆ. ಒಂದೇ ಮನೆಯಲ್ಲಿ ಇಬ್ಬರು ಸವತಿಯರು. ಕ್ಯಾಪ್ಟನ್ ಕಾರ್ಟರೆಟ್ ಹಾಯಿಯ ಪಕ್ಷ, ಎಂಜಿನಿಯರ್ ಟ್ರೆಂಬಾತ್ ಎಂಜಿನ್ನಿನ ಪಕ್ಷ.

ಟ್ರೆಂಬಾತನಿಗಿದ್ದುದು ಒಂದೇ ಆಸೆ. ಎದುರಿಗೆ ಲಂಗರು ಹಾಕಿದ್ದ, ಹಾಯಿಯ ಗೊಡವೆಯೇ ಇಲ್ಲದ ಹೊಸ ಕಬ್ಬಿಣದ ಹಡಗಿಗೆ ವರ್ಗವಾಗಬೇಕು. ಆ ದಿನ ತಪಾಸಣೆ. ಫಿರಂಗಿದೋಣಿಗಳೆಲ್ಲ ಬಂದರಿನ ಬಾಯಲ್ಲಿ ಕಾದಿದ್ದ ಅಡ್ಮಿರಲ್ ಬಳಿಗೆ ಹೋಗಬೇಕಿತ್ತು. ದೋಣಿ ಹೊಳೆದರೆ ವರ್ಗದ ಮಾತನ್ನು ತಾವೇ ಎತ್ತುವುದಾಗಿ ಕ್ಯಾಪ್ಟನ್ ಒಪ್ಪಿದ್ದರು.

"ಆದ್ರೆ ಹಾಯಿಗೆ ಒಂದು ಚುಕ್ಕೆ ಮಸಿ ತಾಗಿದ್ರೂ ವರ್ಗ ಮರೆತುಬಿಡಿ" ಎಂದೂ ಸೇರಿಸಿದ್ದರು.

ಹಾಯಿ ಬಿಚ್ಚಿದ್ದಾಯಿತು. ಗಾಳಿ ಮಾತ್ರ ಊರು ಬಿಟ್ಟು ಹೋಗಿತ್ತು. ಹಾಯಿಗಳು ಒಣಹಾಕಿದ ಸೀರೆಗಳಂತೆ ಜೋತುಬಿದ್ದವು. ಉಳಿದ ದೋಣಿಗಳು ಪುಸಪುಸ ಎನ್ನುತ್ತ ಪಕ್ಕದಲ್ಲೇ ಹಾದುಹೋದವು. ಒಂದರ ನಾವಿಕರು ಎಳೆದುಕೊಂಡು ಹೋಗಲು ಹಗ್ಗ ಬೇಕೇ ಎಂದು ವಿನಯದಿಂದ ವಿಚಾರಿಸಿದರು. ಇನ್ನೊಂದರವರು ಹಾಯಿಗೆ ಊದಿಕೊಡೋಣವೇ ಎಂದು ಕೆನ್ನೆ ಉಬ್ಬಿಸಿ ತೋರಿಸಿದರು.

ಕ್ಯಾಪ್ಟನ್ ಕೆಂಡವಾಗಿ ಎಂಜಿನ್ ಕೋಣೆಗೆ ಬಗ್ಗಿದರು. "ಏನ್ರೀ ಟ್ರೆಂಬಾತ್, ಹಬೆ ಎಬ್ಬಿಸ್ರೀ. ಹೊಗೆ ಮಾತ್ರ ಬರಬಾರದು."

"ಒಲೆ ಹೊತ್ತಿಸಿದ್ರೆ ಹೊಗೆ ಬಂದೇ ಬರ್ತದೆ ಸಾರ್."

"ಅದು ನಿಮ್ಮ ತಲೆನೋವು."

ಟ್ರೆಂಬಾತ್ ದೈವಭಕ್ತ. ಬಾಯಲ್ಲಿ ಕೆಟ್ಟ ಮಾತು ಬಾರದು. ಹಾಗಾಗಿ ಸಿಟ್ಟೆಲ್ಲ ಹೊರಗೆ ಹೋಗಲು ತೂತಿಲ್ಲದ ಬಾಯ್ಲರಿನಂತೆ ಒಳಗೇ ಕುದಿಯಿತು. ಹಲ್ಲು ಕಚ್ಚಿ ಒಲೆ ಹೊತ್ತಿಸಿದ, ಕೊಳವೆ ಎತ್ತಲು ಹೇಳಿದ. ಅದು ಏಳಲಿಲ್ಲ. ಒಂದರೊಳಗೊಂದು ಜಾರಬೇಕಾದ ಭಾಗಗಳನ್ನು ಬಣ್ಣ ಗಟ್ಟಿಯಾಗಿ ಅಂಟಿಸಿಬಿಟ್ಟಿತ್ತು.

ಒಲೆ ನೋಡುವ ಮುದುಕ ಮೂನಿ ಅದನ್ನು ತಟ್ಟಿ ನೋಡಿದ. "ಎಲ್ಲ ಒಂದೇ ತುಂಡಾಗಿದೆ ಸಾಹೇಬ್ರೇ. ಹೊಗೆ ಬರಬಾರದು ಅಂದ್ರಲ್ಲ ಕ್ಯಾಪ್ಟನ್ರು, ಇನ್ನು ಅದಕ್ಕೆ ದಾರೀನೇ ಇಲ್ಲ."

ಹೊಗೆ ಬೇರೆ ದಾರಿ ಹುಡುಕಿಕೊಂಡಿತು. ಕೋಣೆ ತುಂಬಿ, ಮೇಲೆ ಡೆಕ್ಕಿಗೆ ಹರಡಿ, ಕ್ಯಾಪ್ಟನ್ನರ ಮೂಗಿಗೇ ಬಂತು. ಅವರು ಕೆಮ್ಮುತ್ತ ಬೈದರು, ಬೈಯುತ್ತ ಕೆಮ್ಮಿದರು. ಟ್ರೆಂಬಾತ್ ಸುತ್ತಿಗೆ ಎತ್ತಿಕೊಂಡ. ಆಡಲಾಗದ ಮಾತುಗಳನ್ನೆಲ್ಲ ಕೊಳವೆಯ ಮೇಲೆ ಬಡಿದ. ಕೊನೆಯ ಏಟಿಗೆ ಅದು ಬಾಟಲಿಯ ಬಿರಡೆಯಂತೆ ಎಗರಿ, ಹಳೆಯ ಮಸಿಯನ್ನೆಲ್ಲ ಒಮ್ಮೆಲೇ ಕಕ್ಕಿತು. ಹಾಯಿ ಕಪ್ಪಾಯಿತು, ಫಿರಂಗಿ ಕಪ್ಪಾಯಿತು, ಕ್ಯಾಪ್ಟನ್ನರಲ್ಲಿ ಕಣ್ಣು ಮಾತ್ರ ಬೆಳ್ಳಗೆ ಉಳಿಯಿತು.

ಪ್ರೊಪೆಲರಿಗೂ ಬಣ್ಣ ಬಳಿದಿದ್ದರು, ಅದೂ ಅಂಟಿಕೊಂಡು ಕೆಳಗಿಳಿಯಲಿಲ್ಲ. ಅದಕ್ಕೂ ಸುತ್ತಿಗೆಯ ಸೇವೆ ಆಯಿತು. ದೋಣಿ ಗಕ್ಕನೆ ಹೊರಟು, ಎಲ್ಲರಿಗಿಂತ ಕಡೆಗೆ ಅಡ್ಮಿರಲ್ ಮುಂದೆ ನಿಂತಿತು.

ಅಡ್ಮಿರಲ್ ಹತ್ತಿ ಬಂದು, ಬಿಳಿಯ ಕೈಗವಸಿನಿಂದ ಕಟಕಟೆ ಸವರಿದರು. ಬೆರಳು ನೋಡಿಕೊಂಡರು, ಕ್ಯಾಪ್ಟನ್ನರನ್ನು ನೋಡಿದರು. ವರ್ಗ ಮುಳುಗಿತೆಂದು ಟ್ರೆಂಬಾತ್ ಕಣ್ಣು ಮುಚ್ಚಿ ದೇವರನ್ನು ನೆನೆದ.

"ಬೆಳಗ್ಗೆಯಿಂದ ಮದುಮಕ್ಕಳನ್ನೇ ನೋಡಿ ಸಾಕಾಗಿತ್ತು" ಎಂದರು ಅಡ್ಮಿರಲ್. "ಮೈ ಬಗ್ಗಿಸಿ ದುಡಿದ ದೋಣಿ ಇದೊಂದೇ. ಮಸಿಗೆ ಹೆದರದ ಇಂಥ ಕ್ಯಾಪ್ಟನ್ನೇ ನಮ್ಮ ಕಬ್ಬಿಣದ ಹಡಗಿಗೆ ಬೇಕಾಗಿತ್ತು. ನಾಳೆಯೇ ಅಲ್ಲಿಗೆ ಹೋಗ್ರೀ ಕಾರ್ಟರೆಟ್."

ಕಾರ್ಟರೆಟ್ ಬಾಯಿ ತೆರೆದರು. ಮಸಿ ಬಂತು, ಮಾತು ಬರಲಿಲ್ಲ.

ಟ್ರೆಂಬಾತ್ ಧೈರ್ಯ ಮಾಡಿ, ಆ ಹಡಗಿಗೆ ಹೋಗುವ ಆಸೆ ತನ್ನದೆಂದು ಅರಿಕೆ ಮಾಡಿಕೊಂಡ.

ಅಡ್ಮಿರಲ್ ಅವನ ಭುಜ ತಟ್ಟಿದರು. "ನೀನು ಹೋದ್ರೆ ಇದನ್ನ ನಡೆಸೋರು ಯಾರಪ್ಪಾ? ಇದು ಮುಳುಗೋ ತನಕ ನೀನು ಇಲ್ಲೇ."

ಸಂಜೆ ಕಾರ್ಟರೆಟ್ ಪೆಟ್ಟಿಗೆಯನ್ನು ಒದೆಯುತ್ತ ಹೊರಟರು. ಟ್ರೆಂಬಾತ್ ಮುಖ ತಿರುಗಿಸಿ ನಿಂತಿದ್ದ.

"ನನ್ನನ್ನ ಕಂಡು ಯಾಕ್ರೀ ಮುಖ ತಿರುಗಿಸ್ತೀರಿ?" ಎಂದರು ಕಾರ್ಟರೆಟ್. "ನನ್ನ ಜಾಗಕ್ಕೆ ಬರೋನು ನಮ್ಮಣ್ಣ. ನಾನಾದ್ರೂ ಕೊಳವೆಗೆ, ಪ್ರೊಪೆಲರಿಗೆ ಬಣ್ಣ ಬಳಿಸಿ ಸಾಕು ಅಂತ ನಿಲ್ಲಿಸ್ತಿದ್ದೆ. ಅವನು ಕಲ್ಲಿದ್ದಲಿಗೂ ಸುಣ್ಣ ಹೊಡೆಸ್ತಾನೆ."