ಐದನೇ ನಂಬರಿನ ದನಿ

ಕಣ್ಣು ಮಂಜಾಯಿತು ಎಂದರೆ ಮನುಷ್ಯ ಒಪ್ಪಿಕೊಂಡು ಕನ್ನಡಕ ಹಾಕಿಕೊಳ್ಳುತ್ತಾನೆ. ಹಲ್ಲು ಹಾಳಾಯಿತು ಎಂದರೆ ಬಾಯಿ ತೆರೆದು ತೋರಿಸುತ್ತಾನೆ. ಕಿವಿಯ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬನಿಗೂ ತನ್ನದು ಸಂಗೀತ ಬಲ್ಲವರ ಕಿವಿ ಎಂಬ ಗುಮಾನಿ ಒಳಗೊಳಗೇ ಇರುತ್ತದೆ. ನನಗಂತೂ ಅದು ಗುಮಾನಿಯಲ್ಲ, ಖಾತ್ರಿಯೇ ಆಗಿತ್ತು. ಮದುವೆ ಮನೆಯಲ್ಲಿ ವಾಲಗ ನುಡಿಯುವಾಗ ಎಲೆಯ ಮುಂದೆ ಕೂತು ತಲೆ ಅಲ್ಲಾಡಿಸುವುದು, ನಡುವೆ ಒಮ್ಮೆ ಮುಖ ಕಿವುಚುವುದು, ಇಷ್ಟು ಮಾಡಿದರೆ ಸಾಕು, ಪಕ್ಕದ ಎಲೆಯವರು ನಮ್ಮನ್ನು ಸಂಗೀತಗಾರರ ಮನೆತನಕ್ಕೆ ಸೇರಿಸಿಬಿಡುತ್ತಾರೆ. ಇದರಲ್ಲಿ ಮುಖ ಕಿವುಚುವುದೇ ಮುಖ್ಯ. ಸಾರಿಗೆ ಉಪ್ಪು ಜಾಸ್ತಿಯಾಗಿ ಕಿವುಚಿದರೂ ಅದು ಅಪಸ್ವರದ ಲೆಕ್ಕಕ್ಕೇ ಹೋಗುತ್ತದೆ. ಹೀಗೆ ಖರ್ಚಿಲ್ಲದೆ ಸಂಪಾದಿಸಿದ ಒಳ್ಳೆಯ ಹೆಸರನ್ನು ಹೆಬ್ಬೆರಳು ಗಾತ್ರದ ಒಂದು ಯಂತ್ರ ಹೇಗೆ ಮಣ್ಣುಪಾಲು ಮಾಡಿತು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕಾಗಿದೆ.

ಎಲ್ಲ ಶುರುವಾದದ್ದು ಹೊಸ ಫೋನಿನಿಂದ. ಅದರಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತೇ ಇರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದೆ, ಚಾರ್ಜು ಮಾಡುವ ಬಾಯಿ ಒಂದು ಬಿಟ್ಟರೆ ಬೇರೆ ಏನೂ ಇಲ್ಲ. ಈ ಸಂಕಟವನ್ನು ಬನಶಂಕರಿಯ ಪಾರ್ಕಿನಲ್ಲಿ ನನ್ನ ಜೊತೆ ಬೆಳಗಿನ ವಾಕಿಂಗ್ ಮಾಡುವ ಗುರುಪ್ರಸಾದರ ಹತ್ತಿರ ತೋಡಿಕೊಂಡೆ. ಅವರು ಕಿವಿಗೆ ವೈರು ಸಿಕ್ಕಿಸಿಕೊಳ್ಳದೆ ಗೇಟು ದಾಟಿದವರಲ್ಲ.

"ತೂತು ಇಲ್ದೇ ಇರೋದೇ ಒಳ್ಳೇದಾಯ್ತು ಬಿಡಿ ಸಾರ್. ಒಂದು ಡ್ಯಾಕ್ ತಗೊಳ್ಳಿ," ಎಂದರು. "ಫೋನೊಳಗೆ ಹಾಡು ಹಾಡಾಗಿ ಇರಲ್ಲ, ಬರೀ ಅಂಕಿ. ಆ ಅಂಕೀನ ಸದ್ದು ಮಾಡೋದಕ್ಕೆ ಫೋನಲ್ಲೇ ಒಂದು ಪರಿವರ್ತಕ ಇರುತ್ತೆ. ಆದ್ರೆ ಅದು ಬಾಡಿಗೆ ಮನೆ ಅಡುಗೆಮನೆ ಇದ್ದ ಹಾಗೆ. ಕ್ಯಾಮೆರಾ, ಬ್ಯಾಟರಿ, ಎಲ್ಲಾದರ ಸಂದೀಲಿ ಒಲೆ ಹೂಡ್ಕೊಂಡು ಬೇಯಿಸ್ಬೇಕು. ಡ್ಯಾಕ್ ಅಂದ್ರೆ ಹೊರಗಡೆ ಹಿತ್ತಲಲ್ಲಿ ಬೇರೆ ಒಲೆ ಹಚ್ಚಿದಂಗೆ. ರುಚಿನೇ ಬೇರೆ."

ಅಡುಗೆಯ ಮಾತು ಬಂದರೆ ನನಗೆ ಎಂಥ ವಿಜ್ಞಾನವಾದರೂ ಅರ್ಥವಾಗುತ್ತದೆ. ಅದೇ ವಾರ ಜಯನಗರಕ್ಕೆ ಹೋಗಿ ಡ್ಯಾಕ್ ತಂದೆ. ಒಂದು ತುದಿ ಫೋನಿನ ಬಾಯಿಗೆ, ಇನ್ನೊಂದು ತುದಿಗೆ ಇಯರ್‌ಫೋನು. ಹಳೆಯ ಕಚೇರಿಯೊಂದರ ಧ್ವನಿಮುದ್ರಣ ಹಾಕಿ ಕಣ್ಣು ಮುಚ್ಚಿದೆ. ಸುಳ್ಳು ಹೇಳಬಾರದು, ಮೈ ಜುಮ್ಮೆಂದಿತು. ಹಾಡುವವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಪಿಟೀಲಿನವರು ಕುರ್ತಾ ಸರಿಮಾಡಿಕೊಂಡದ್ದು ಕೇಳಿಸಿತು. ಸಭಿಕರಲ್ಲಿ ಬಲಗಡೆ ಕೂತವರೊಬ್ಬರು ಕೆಮ್ಮಿದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ ಕಷಾಯ ಮಾಡಿಕೊಡೋಣ ಅನ್ನಿಸಿತು. ಆಮೇಲೆ ನಾನು ಸಂಗೀತ ಕೇಳುವುದನ್ನು ಬಿಟ್ಟು ಕೆಮ್ಮು ಕೇಳತೊಡಗಿದೆ. ಯಾವ ಕಚೇರಿಯಲ್ಲಿ ಎಲ್ಲಿ ಯಾರು ಕೆಮ್ಮಿದ್ದಾರೆ, ಎಲ್ಲಿ ತಂಬೂರಿಗೆ ಉಂಗುರ ತಗುಲಿದೆ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ರಾಗ ಯಾವುದು ಎಂದು ಕೇಳಿದರೆ ಹೇಳುತ್ತಿರಲಿಲ್ಲ, ಮೊದಲೂ ಹೇಳುತ್ತಿರಲಿಲ್ಲ.

ನನ್ನ ಹೆಂಡತಿ ಜಯಾಳ ಕಿವಿಗೂ ಸಿಕ್ಕಿಸಿದೆ. ಸ್ವಲ್ಪ ಹೊತ್ತು ಕೇಳಿ, "ಚೆನ್ನಾಗಿದೆ," ಎಂದಳು.

"ಮೊದಲಿಗಿಂತ?"

"ಮೊದಲೂ ಚೆನ್ನಾಗೇ ಇತ್ತಲ್ಲ," ಎಂದು ಹುರುಳಿಕಾಯಿ ಬಿಡಿಸಲು ಹೋದಳು.

ಜಯಾ ಹಾಡುತ್ತಾಳೆ. ಹನುಮಂತನಗರದ ನಮ್ಮ ಬೀದಿಯ ಅಕ್ಕನ ಬಳಗದಲ್ಲಿ ಅವಳದು ಎಷ್ಟೋ ವರ್ಷದಿಂದ ಎರಡನೇ ಸಾಲು. ಈ ಬಳಗದ ಹೆಂಗಸರು ಹಬ್ಬ ಹುಣ್ಣಿಮೆಗಳಲ್ಲಿ ದೇವಸ್ಥಾನದಲ್ಲಿ ವಚನ ಹಾಡುತ್ತಾರೆ. ಮೊದಲ ಸಾಲನ್ನು ಒಬ್ಬರು ಎತ್ತಿಕೊಡಬೇಕು, ಉಳಿದವರು ಹಿಡಿದುಕೊಳ್ಳಬೇಕು. ಎತ್ತಿಕೊಡುವವರ ಮುಂದೆ ಮಾತ್ರ ಮೈಕು. ಅಷ್ಟು ವರ್ಷ ಎತ್ತಿಕೊಡುತ್ತಿದ್ದ ಹಿರಿಯರು ಈ ಸಲ ಮಗಳ ಮನೆಗೆಂದು ತಲಘಟ್ಟಪುರಕ್ಕೆ ಹೋಗಿಬಿಟ್ಟರು. ಕಾರ್ತಿಕದ ಕೊನೆಯ ಸೋಮವಾರ ಹತ್ತಿರವಾಗುತ್ತಿತ್ತು. ಆ ಜಾಗ ತನಗೆ ಬೇಕು ಎಂದು ಜಯಾ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಬೀರುವಿನಲ್ಲಿ ಮಡಿಸಿಟ್ಟಿದ್ದ ಹೊಸ ಸೀರೆಗೆ ಫಾಲ್ ಹಾಕಿಸಿಕೊಂಡು ಬಂದಳು. ಅಡುಗೆಮನೆಯಲ್ಲಿ ಯಾವಾಗಲೂ ಮೊದಲ ಸಾಲನ್ನೇ ಗುನುಗುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಈ ಬಳಗದಲ್ಲಿ ಒಂದು ಪದ್ಧತಿ. ಯಾರ ಹಾಡು ಚೆನ್ನಾಗಿಲ್ಲ ಎಂದು ಯಾರೂ ಯಾರಿಗೂ ಮುಖಕ್ಕೆ ಹೇಳುವಂತಿಲ್ಲ. ಎಂಥ ದನಿಗೂ "ಭಾವ ಇದೆ" ಎನ್ನುತ್ತಾರೆ. ಹೀಗಿರುವಾಗ ಆರು ಜನ ಆಸೆ ಪಟ್ಟರೆ ಒಬ್ಬರನ್ನು ಆರಿಸುವುದು ಹೇಗೆ? ಅಧ್ಯಕ್ಷೆ ಪಂಕಜಮ್ಮನವರು ಒಂದು ಉಪಾಯ ಹೂಡಿದರು. ಆರೂ ಜನ ಒಂದೇ ವಚನವನ್ನು ಮನೆಯಲ್ಲೇ ಹಾಡಿ ಫೋನಿನಲ್ಲಿ ಅವರಿಗೆ ಕಳಿಸುವುದು. ಅವರು ಹೆಸರು ತೆಗೆದು ನಂಬರು ಕೊಟ್ಟು ತೀರ್ಪುಗಾರರಿಗೆ ದಾಟಿಸುವುದು. ತೀರ್ಪುಗಾರ ಯಾರೆಂದರೆ ನಾನು.

"ನಿಮ್ಮ ಹತ್ರ ಅದೇನೋ ಮಿಷನ್ ಇದ್ಯಂತಲ್ಲ, ಕೂದಲೆಳೆ ಅಪಸ್ವರಾನೂ ಕೇಳ್ಸುತ್ತಂತೆ, ಜಯಾ ಹೇಳ್ತಿದ್ಲು," ಎಂದರು.

"ನನ್ ಹೆಂಡ್ತಿನೂ ಇದಾಳಲ್ಲ ಅಕ್ಕಾರೇ, ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?"

"ಹೆಸರೇ ಇಲ್ದಿದ್ಮೇಲೆ ಪಕ್ಷಪಾತ ಎಲ್ಲಿಂದ ಬರುತ್ತೆ? ಒಪ್ಕೊಳ್ಳಿ ನೀವು."

ಗಂಭೀರವಾಗಿ ಒಪ್ಪಿಕೊಂಡೆ. ಒಳಗೆ ಮನಸ್ಸು ಕುಣಿಯುತ್ತಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಗಂಡನಿಗೆ ಹೆಂಡತಿಯ ದನಿ ಗೊತ್ತಾಗುವುದಿಲ್ಲವೇ? ಮಿಷನ್ನು ಇಲ್ಲದೆಯೂ ಗೊತ್ತಾಗುತ್ತದೆ. ಜಯಾಗೆ ಒಂದು ಮಾತೂ ಹೇಳದೆ ಅವಳಿಗೆ ಮೈಕು ಕೊಡಿಸಿ, ಆಮೇಲೆ ನಿಧಾನವಾಗಿ ಯಾವತ್ತಾದರೂ ಕಾಫಿ ಕುಡಿಯುವಾಗ ಹೇಳಿಕೊಳ್ಳೋಣ ಎಂದು ಲೆಕ್ಕ ಹಾಕಿದೆ.

ಆದರೂ ತೀರ್ಪುಗಾರನ ಗತ್ತು ಸುಮ್ಮನಿರಗೊಡಬೇಕಲ್ಲ. ಅವತ್ತೇ ಸಂಜೆ ಜಯಾಳನ್ನು ಕೂರಿಸಿಕೊಂಡು ಧ್ವನಿಮುದ್ರಣದ ಬಗ್ಗೆ ಒಂದು ಉಪನ್ಯಾಸ ಕೊಟ್ಟೆ. ಕಿಟಕಿ ಮುಚ್ಚಬೇಕು, ಫ್ಯಾನು ಆರಿಸಬೇಕು, ಗೋಡೆಯಿಂದ ಸದ್ದು ವಾಪಸು ಬರದ ಹಾಗೆ ಸುತ್ತ ಬಟ್ಟೆ ಇರಬೇಕು, ಫೋನನ್ನು ಬಾಯಿಗೆ ಒತ್ತಿ ಹಿಡಿಯಬಾರದು. ಜಯಾ ಎಲ್ಲದಕ್ಕೂ ಹೂಂಗುಟ್ಟಿದಳು. ನಾನು ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸುವವಳಲ್ಲ. ಆ ಒಂದು ಸಲ ಮಾತ್ರ ಪಾಲಿಸಿದಳು ಎಂಬುದು ನನಗೆ ತಿಳಿದದ್ದು ತೀರ ತಡವಾಗಿ.

ಗುರುಪ್ರಸಾದರು ಪಾರ್ಕಿನಲ್ಲಿ ಎಚ್ಚರಿಸಿದ್ದರು. "ಸಾರ್, ಮೆಸೇಜಲ್ಲಿ ಬರೋ ದನೀನ ಕಳಿಸೋವಾಗ್ಲೇ ಹಿಂಡಿರ್ತಾರೆ. ಹಿಂಡಿದ ನಿಂಬೆಹಣ್ಣನ್ನ ನೀವು ಬೆಳ್ಳಿ ಲೋಟದ ಮೇಲೆ ಹಿಂಡಿದ್ರೂ ರಸ ಬರಲ್ಲ. ಅದಕ್ಕೆ ಡ್ಯಾಕ್ ಹಾಕಿ ಪ್ರಯೋಜನ ಇಲ್ಲ." ನಾನು ಕೇಳಿಸಿಕೊಳ್ಳಲಿಲ್ಲ. ಡ್ಯಾಕ್ ಇದ್ದವನು ಬೇರೆಯವರ ಮಾತು ಕೇಳಿಸಿಕೊಳ್ಳುವುದು ಅಪರೂಪ.

ಆರು ದನಿಗಳೂ ಬಂದವು. ಹಾಲಿನಲ್ಲಿ ಕೂತು ಒಂದೊಂದಾಗಿ ಕೇಳಿದೆ. ಒಂದು, ಎರಡು ಸಾಧಾರಣ. ಮೂರನೇ ನಂಬರು ಶುರುವಾಗುತ್ತಲೇ ನೆಟ್ಟಗೆ ಕೂತೆ. ಹಾಡಿನ ಹಿಂದೆ ಕುಕ್ಕರಿನ ಸೀಟಿ. ಆಮೇಲೆ ದೂರದಲ್ಲಿ ನಮ್ಮ ಬೀದಿಯ ಹೂವಿನಾಕೆಯ ಕೂಗು. ಸಾಲಿನ ಕೊನೆಗೆ ಒಂದು ಸಣ್ಣ ಗಂಟಲು ಸರಿಮಾಡಿಕೊಳ್ಳುವ ಸದ್ದು, ಸಾಕ್ಷಾತ್ ನಮ್ಮ ಜಯಾನೇ. ಕೆಮ್ಮು ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಡ್ಯಾಕಿಗೆ ಮನಸ್ಸಿನಲ್ಲೇ ಕೈಮುಗಿದೆ. ಐದನೆಯದು ಬೇರೆ ಥರ ಇತ್ತು. ಸುತ್ತ ಒಂದು ಸದ್ದೂ ಇಲ್ಲ, ಬರಿಯ ದನಿ, ಎಲ್ಲೂ ಕೇಳಿರದ ಹಾಗಿತ್ತು. ಚೆನ್ನಾಗಿಯೇ ಇತ್ತು. ಚೆನ್ನಾಗಿದ್ದದ್ದೇ ನನಗೆ ಗಾಬರಿಯಾಯಿತು, ಜಯಾಗೆ ಇದೇ ಪೈಪೋಟಿ ಎಂದುಕೊಂಡೆ. ಪಂಕಜಮ್ಮನವರಿಗೆ ನನ್ನ ತೀರ್ಪನ್ನು ಫೋನಿನಲ್ಲೇ ಮಾತಾಡಿ ಕಳಿಸಿದೆ.

ಭಾನುವಾರ ಪಂಕಜಮ್ಮನವರ ಮನೆಯಲ್ಲಿ ಬಳಗ ಸೇರಿತು. ನನಗೂ ಒಂದು ಕುರ್ಚಿ, ಕಡಲೆಕಾಳು ಉಸಲಿ, ಕಾಫಿ. ಪಂಕಜಮ್ಮನವರು, "ಅವರ ಬಾಯಲ್ಲೇ ಕೇಳ್ಬಿಡಿ, ನಂದೇನೂ ಇಲ್ಲ ಇದ್ರಲ್ಲಿ," ಎಂದು ಫೋನನ್ನು ಟೀಪಾಯಿಯ ಮೇಲಿಟ್ಟು ನನ್ನ ದನಿಯನ್ನೇ ಹಾಕಿಬಿಟ್ಟರು. ನನ್ನ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಕಡಿಮೆ. ಅಷ್ಟೊಂದು ಮೂಗಿನಿಂದ ಮಾತಾಡುತ್ತೇನೆ ಎಂದು ಗೊತ್ತೇ ಇರಲಿಲ್ಲ. ಆ ಮೂಗಿನ ದನಿ ಹೇಳುತ್ತಿತ್ತು: "ಮೂರನೇ ನಂಬರಿಗೆ ನಿಸ್ಸಂಶಯವಾಗಿ ಮೊದಲ ಸ್ಥಾನ. ಇಂಥ ಕಂಠ ನಮ್ಮ ಬೀದಿಯಲ್ಲೇ ಇದೆ ಎಂಬುದು ಹೆಮ್ಮೆ. ಐದನೇ ನಂಬರಿಗೆ ಕೊನೆಯ ಸ್ಥಾನ. ಉಸಿರು ಸಾಲದು, ಜೀವ ಇಲ್ಲ. ಇವರು ಹಿಂದೆ ಕೂತು ಮೆತ್ತಗೆ ಹಾಡಿದರೆ ಎಲ್ಲರಿಗೂ ಒಳ್ಳೆಯದು."

"ಮೂರು ಅಂದ್ರೆ ರತ್ನ," ಎಂದರು ಪಂಕಜಮ್ಮ.

ರತ್ನ ನಮ್ಮ ಎದುರು ಮನೆಯವಳು. ಅವಳಿಗೂ ಅದೇ ಹೂವಿನಾಕೆ, ಅವಳ ಮನೆಯಲ್ಲೂ ಕುಕ್ಕರು ಕೂಗುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಬಾಯಲ್ಲಿದ್ದ ಉಸಲಿ ಅಲ್ಲೇ ನಿಂತಿತು. ಐದು ಯಾರು ಎಂದು ಪಂಕಜಮ್ಮನವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವರು ಜಯಾಳ ಕಡೆ ತಿರುಗಿದ್ದನ್ನು ಕಂಡು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಜಯಾ ನನ್ನ ಲೋಟ ನೋಡಿ, "ಕಾಫಿ ಆರ್ತಾ ಇದೆ, ಕುಡೀರಿ," ಎಂದಳು. ಪಂಕಜಮ್ಮನವರು ಎದ್ದು ಬಂದು ನನಗೆ ಕೈಮುಗಿದರು. "ಕಟ್ಟಿಕೊಂಡ ಹೆಂಡ್ತಿ ಅಂತನೂ ನೋಡ್ದೆ ನ್ಯಾಯ ಹೇಳಿದ್ರಲ್ಲ. ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ." ಉಳಿದವರೂ ಕೈಮುಗಿದರು. ಶಾಲು ಹೊದಿಸಿದರು. ಅಷ್ಟು ಭಾರದ ಶಾಲನ್ನು ನಾನು ಜೀವಮಾನದಲ್ಲಿ ಹೊದ್ದಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಜಯಾ ಶಾಂತವಾಗಿ ಕೇಳಿದಳು, "ನಾನು ಹಾಡಿದ್ದು ಅಷ್ಟು ಕೆಟ್ಟದಾಗಿತ್ತಾ?"

ಈಗ ನನ್ನ ಪರಿಸ್ಥಿತಿಯನ್ನು ಸ್ವಲ್ಪ ಯೋಚನೆ ಮಾಡಿ. ಹೌದು ಎಂದರೆ ಹೆಂಡತಿಯ ಹಾಡು ಕೆಟ್ಟದ್ದು ಎಂದ ಹಾಗೆ. ಇಲ್ಲ ಎಂದರೆ, ಮೋಸ ಮಾಡಲು ಹೊರಟೆ, ಅದರಲ್ಲೂ ನಿನ್ನ ದನಿಯ ಗುರುತು ಸಿಕ್ಕಲಿಲ್ಲ ಎಂದು ಒಪ್ಪಿಕೊಂಡ ಹಾಗೆ. ಎರಡರಲ್ಲಿ ಯಾವುದಕ್ಕೆ ಶಿಕ್ಷೆ ಕಡಿಮೆ ಎಂದು ತೂಗಿ ನೋಡಿ ಎರಡನೆಯದನ್ನೇ ಹೇಳಿದೆ. ತೂಗುವುದರಲ್ಲೂ ತಪ್ಪಿದ್ದೆ.

"ಬೀರು ಬಾಗ್ಲು ತೆಗೆದು ಸೀರೆಗಳ ಮಧ್ಯೆ ತಲೆ ಇಟ್ಕೊಂಡು ಹಾಡ್ದೆ ಕಣ್ರೀ, ನೀವು ಹೇಳಿದ್ರಿ ಅಂತ. ಬೆವರು ಇಳೀತಿತ್ತು," ಎಂದಳು. "ಸದ್ದೇ ಇರಬಾರ್ದು ಅಂದ್ರಿ. ಸದ್ದಿಲ್ದಿದ್ರೆ ನಾನು ಯಾರು ಅಂತಾನೇ ಗೊತ್ತಾಗ್ಲಿಲ್ವಾ ನಿಮಗೆ?"

ಗೊತ್ತಾಗಿರಲಿಲ್ಲ. ಯೋಚಿಸಿದರೆ ನಾನು ಅವಳ ದನಿಯನ್ನು ಯಾವತ್ತೂ ಒಂಟಿಯಾಗಿ ಕೇಳಿರಲೇ ಇಲ್ಲ. ಅದರ ಜೊತೆ ಮಿಕ್ಸಿ ಇರುತ್ತಿತ್ತು, ನಲ್ಲಿ ಇರುತ್ತಿತ್ತು, ಟೀವಿ ಇರುತ್ತಿತ್ತು.

"ನೋಡೋಕ್ ಬಂದಾಗ್ಲೂ ಹಾಡಿದ್ದೆ. ಆಗ ಏನು ಹಾಡ್ದೆ ಹೇಳಿ ನೋಡೋಣ."

ಆಗ ನಾನು ಕೇಸರಿಬಾತಿನ ತಟ್ಟೆ ನೋಡುತ್ತಿದ್ದೆ. ಅದರಲ್ಲಿ ಎಷ್ಟು ದ್ರಾಕ್ಷಿ ಇತ್ತು ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಅವಳು ಒಳಗೆ ಹೋದ ಮೇಲೆ ಐದನೇ ನಂಬರನ್ನು ಇನ್ನೊಮ್ಮೆ ಕೇಳಿದೆ. ಎಷ್ಟು ಚೆಂದದ ದನಿ. ಮರುದಿನ ಬೆಳಿಗ್ಗೆಯೇ ಪಂಕಜಮ್ಮನವರ ಮನೆಗೆ ಹೋದೆ. ಮೂರನೆಯದನ್ನು ನನ್ನ ಹೆಂಡತಿಯದು ಎಂದುಕೊಂಡು ಮೇಲೆ ಹಾಕಿದ್ದು, ನಿಜಕ್ಕೂ ಐದನೆಯದೇ ಎಲ್ಲಕ್ಕಿಂತ ಚೆನ್ನಾಗಿರುವುದು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. "ಮನೇಲಿ ತುಂಬಾ ಗಲಾಟೆ ಆಯ್ತಾ?" ಎಂದರು. "ಪಾಪ, ಮನೆ ಶಾಂತಿಗೋಸ್ಕರ ಸುಳ್ಳು ಹೇಳೋಕೂ ತಯಾರಾಗ್ಬಿಟ್ರಿ. ಬೇಡಿ. ನಿಮ್ಮ ತೀರ್ಪೇ ತೀರ್ಪು." ನಾನು ಆಣೆ ಮಾಡಲು ಹೊರಟೆ, ಅವರು ಕಣ್ಣೊರೆಸಿಕೊಂಡರು.

ಹೀಗೆ ಮೈಕು ರತ್ನಳಿಗೇ ಹೋಯಿತು. ರತ್ನಳಿಗೋ ಎತ್ತಿಕೊಡುವ ಅಭ್ಯಾಸವಿಲ್ಲ, ಎದೆ ಡವಡವ. ಜಯಾ ತಾನೇ, "ನಮ್ಮನೇಗ್ ಬಾರೇ, ಇಬ್ರೂ ಕೂತು ಹಾಡೋಣ, ಸರಿಹೋಗುತ್ತೆ," ಎಂದು ಕರೆದಳು. ಎಂಥ ದೊಡ್ಡ ಮನಸ್ಸು ಎಂದು ಕರಗಿಹೋದೆ. ಈಗ ದಿನಾ ಸಂಜೆ ಇಬ್ಬರೂ ರೂಮಿನಲ್ಲಿ ಕೂತು ಪರದೆ ಎಳೆದುಕೊಂಡು ಸರದಿಯ ಮೇಲೆ ಹಾಡುತ್ತಾರೆ. ನಾನು ಹಾಲಿನಲ್ಲಿ ಪೇಪರು ಹಿಡಿದು ಕೂತಿರುತ್ತೇನೆ. ಒಂದು ಸಾಲು ಮುಗಿಯುತ್ತದೆ. ಪರದೆಯ ಆಚೆಯಿಂದ ಜಯಾ ಕೇಳುತ್ತಾಳೆ, "ರೀ, ಈಗ ಹಾಡಿದ್ದು ಯಾರು?"

ಮೊದಲ ದಿನ ಧೈರ್ಯವಾಗಿ, "ನೀನು," ಎಂದೆ. ರತ್ನ ಕಿಸಕ್ಕನೆ ನಕ್ಕಳು. ಮಾರನೆಯ ದಿನ, "ರತ್ನ," ಎಂದೆ. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. "ಇಬ್ರೂ ಚೆನ್ನಾಗಿ ಹಾಡಿದ್ರಿ," ಎಂದು ನೋಡಿದೆ. "ಕೇಳಿದ್ದು ಅದಲ್ಲ," ಎಂಬ ಉತ್ತರ ಬಂತು. ಕೊನೆಗೆ ನನಗೊಂದು ದಾರಿ ಹೊಳೆಯಿತು. ಅವರು ಪರದೆ ಎಳೆಯುತ್ತಲೇ ಫೋನಿಗೆ ಡ್ಯಾಕ್ ಸಿಕ್ಕಿಸಿ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು ಕೂತುಬಿಡುತ್ತೇನೆ. ಹಾಡು ಮಾತ್ರ ಹಾಕುವುದಿಲ್ಲ. ಪ್ರಶ್ನೆ ಬಂದರೆ, ಜಯಾ ಪರದೆ ಸರಿಸಿ ಇಣುಕಿದರೂ, ಕೇಳಿಸಲಿಲ್ಲ ಎಂಬಂತೆ ಕಣ್ಣು ಮುಚ್ಚಿರುತ್ತೇನೆ. ಇಷ್ಟು ಒಳ್ಳೆಯ ಉಪಯೋಗ ಆ ಯಂತ್ರಕ್ಕೆ ಇದೆಯೆಂದು ಗುರುಪ್ರಸಾದರೂ ಹೇಳಿರಲಿಲ್ಲ.

ಆದರೆ ಬೇರೆ ಸದ್ದಿಲ್ಲದೆ ಹೀಗೆ ದಿನಾ ಕೂತರೆ ಪರದೆಯಾಚೆಯ ಹಾಡು ಕಿವಿಗೆ ಬೀಳದೆ ಇರುತ್ತದೆಯೇ? ನಿನ್ನೆ ಒಂದು ದನಿ ಮೊದಲ ಸಾಲನ್ನು ಎತ್ತಿತು. ಅರ್ಧ ಸಾಲಿಗೇ ನನಗೆ ಗೊತ್ತಾಯಿತು, ಜಯಾ. ಕೆಮ್ಮಿಲ್ಲ, ಕುಕ್ಕರಿಲ್ಲ, ಬರೀ ಜಯಾ. ಸಂತೋಷಕ್ಕೆ ಎದ್ದು ನಿಲ್ಲುವ ಹಾಗಾಯಿತು. "ಈಗ ಹಾಡಿದ್ದು ಯಾರು?" ಎಂದು ಅವಳು ಕೇಳಿದಳು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೇಳಿದರೆ, ಇಷ್ಟು ದಿನ ಕಿವಿಯಲ್ಲಿ ಏನೂ ಹಾಡುತ್ತಿರಲಿಲ್ಲ ಎಂಬುದು ಬಯಲಾಗುತ್ತದಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಇಲ್ಲದ ಹಾಡಿಗೆ ತೊಡೆಯ ಮೇಲೆ ತಾಳ ಹಾಕಿದೆ.