ರೈಟರ್ ಮಗನ ಜೊತೆ ಕಳಸಕ್ಕೆ

ನಾನು ಸುಮ್ಮನೆ ಒಂದು ಕಡೆ ನಿಂತಿದ್ದರೂ ನನ್ನ ಸುತ್ತ ಏನಾದರೊಂದು ಆಗಿಯೇ ತೀರುತ್ತದೆ. ಇದರಲ್ಲಿ ನನ್ನ ತಪ್ಪಿಲ್ಲ. ಕಳಸದ ಕಡೆಯವನೊಬ್ಬ ಬೆಂಗಳೂರಿನ ಟೈಲ್ಸ್ ಅಂಗಡಿಯಲ್ಲಿ ನಿಂತರೆ ಅಂಗಡಿ ಸ್ವಲ್ಪ ಏರುಪೇರಾಗುವುದು ಸಹಜ. ಮಾರಾಟದಲ್ಲಿ ನನ್ನನ್ನು ಮೀರಿಸುವವರು ಆ ರಸ್ತೆಯಲ್ಲೇ ಇಲ್ಲ. ಇದನ್ನು ನಾನು ಹೇಳುತ್ತಿರುವುದಲ್ಲ, ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಅವರಿಗೆಲ್ಲ ಹೇಳಿಟ್ಟಿದ್ದೇನೆ.

೧. ಅಪ್ಪನ ಕೆಲಸ

ಕಾಫಿ ತೋಟದಲ್ಲಿ ಆಳುಗಳ ಹಾಜರಿ ಹಾಕಿ, ಕೆಲಸದ ಲೆಕ್ಕ ಬರೆಯುವವರಿಗೆ ನಮ್ಮ ಕಡೆ ರೈಟರ್ ಅನ್ನುತ್ತಾರೆ. ಇಷ್ಟು ವಿಷಯ ಲೋಕಕ್ಕೆಲ್ಲ ಗೊತ್ತಿರುತ್ತದೆ ಅಂತ ನಾನು ನಂಬಿದ್ದೆ.

ಬೇಸಿಗೆ ಶುರುವಾಗಿತ್ತು. ಒಂದು ಮಧ್ಯಾಹ್ನ ಕರೆಂಟಿರಲಿಲ್ಲ, ಗಿರಾಕಿಯೂ ಇರಲಿಲ್ಲ. ಅಂಗಡಿಯ ಓನರ್ ಟೈಲ್ಸ್ ತುಂಡೊಂದರಲ್ಲಿ ಗಾಳಿ ಬೀಸಿಕೊಳ್ಳುತ್ತ ಕೇಳಿದರು.

"ನಿಮ್ ತಂದೆ ಏನ್ ಮಾಡ್ತಾರಪ್ಪಾ?"

"ರೈಟರ್ ಸಾರ್."

ಗಾಳಿ ನಿಂತಿತು. "ರೈಟರ್ರಾ? ಎಷ್ಟು ವರ್ಷದಿಂದ?"

"ನಾನು ಹುಟ್ಟೋಕೆ ಮುಂಚಿಂದ. ದಿನಾ ಬರೀತಾರೆ. ಅಪ್ಪ ಬರೀಲಿಲ್ಲ ಅಂದ್ರೆ ಎಸ್ಟೇಟೇ ನಿಂತ್ಹೋಗುತ್ತೆ."

"ಯಾರ ಬಗ್ಗೆ ಬರೀತಾರೆ?"

"ಕೂಲಿ ಮಾಡೋರ ಬಗ್ಗೆ. ಒಬ್ಬರನ್ನೂ ಬಿಡಲ್ಲ."

"ಜನ ಓದ್ತಾರಾ?"

"ಶನಿವಾರ ಎಲ್ಲರೂ ಸುತ್ತ ನಿಂತು ಓದಿಸಿ ಕೇಳ್ತಾರೆ ಸಾರ್. ಒಂದಕ್ಷರ ತಪ್ಪಿದ್ರೆ ಜಗಳಕ್ಕೇ ಬರ್ತಾರೆ."

ಓನರ್ ಟೈಲ್ಸನ್ನು ಮೆಲ್ಲಗೆ ಕೆಳಗಿಟ್ಟರು. "ಇದರಲ್ಲೇ ಜೀವನ ನಡೆಯುತ್ತಾ?"

"ಮತ್ತೆ? ಪಿ.ಎಫ್. ಬೇರೆ ಇದೆ."

ಅವರು ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು: "ಕನ್ನಡದಲ್ಲಿ ಪಿ.ಎಫ್. ಇರೋ ಸಾಹಿತಿ ಇವರೊಬ್ಬರೇ ಇರಬೇಕು."

ಅವರು ತಮಾಷೆ ಮಾಡಿದರು ಅಂದುಕೊಂಡು ನಾನೂ ನಕ್ಕೆ.

೨. ಫೈಲು

ನಮ್ಮ ಓನರ್ ಕವನ ಬರೆಯುತ್ತಾರೆ. ಕೊಟೇಶನ್ ಕಾಗದದ ಹಿಂಭಾಗದಲ್ಲಿ ಬರೆಯುತ್ತಾರೆ. ಒಮ್ಮೆ ಅಡುಗೆಮನೆ ಟೈಲ್ಸ್ ಕೇಳಿದ ದಂಪತಿಗೆ ಮುಂಗಾರಿನ ಮೇಲೊಂದು ಕವನ ಹೋಗಿ, ಅವರು ಗೋಡೆಗೆ ಬರೀ ಪೇಂಟ್ ಸಾಕು ಅಂತ ಎದ್ದು ನಡೆದಿದ್ದರು. ಪುಸ್ತಕ ಮಾಡಿಸುವ ಆಸೆ ಅವರಿಗೆ ಬಹಳ ದಿನದ್ದು. ಮುನ್ನುಡಿ ಬರೆದುಕೊಡುವವರು ಮಾತ್ರ ಯಾರೂ ಸಿಕ್ಕಿರಲಿಲ್ಲ.

ಬೇಸಿಗೆಯಲ್ಲಿ ಊರಿಗೆ ಹೋಗುತ್ತೇನೆ ಅಂತ ನಾನು ಪ್ರತಿ ವರ್ಷ ರಜೆ ಕೇಳುವುದು, ಮನೆ ಕಟ್ಟುವ ಸೀಸನ್ನು ಅಂತ ಅವರು ಪ್ರತಿ ವರ್ಷ ಬೇಡ ಅನ್ನುವುದು ಪದ್ಧತಿ. ಈ ಸಲ ಅವರೇ ಬಂದು, "ಮೇ ಕೊನೆಗೆ ಮಳೆ ಹಿಡಿಯೋ ಮುಂಚೆ ಎಲ್ಲರೂ ಕಳಸಕ್ಕೆ ಹೋಗೋಣ. ನನ್ನ ಕಾರು. ನೀನೇ ಡ್ರೈವರ್ರು," ಅಂದರು. ನನ್ನ ಬೆಲೆ ಕೊನೆಗೂ ಗೊತ್ತಾಯಿತು ಅಂದುಕೊಂಡೆ.

ಆಮೇಲೆ ಅವರು ದಪ್ಪನೆಯದೊಂದು ಫೈಲು ತಂದು ನನ್ನ ಮುಂದಿಟ್ಟರು. "ಇದಕ್ಕೆ ನಿಮ್ಮ ತಂದೆಯವರು ಮುನ್ನುಡಿ ಬರೆದುಕೊಡಬೇಕು."

ಆಗ ನನಗೆ ವಿಷಯ ಹೊಳೆಯಿತು. 'ಸಾರ್, ಆ ರೈಟರ್ ಅಲ್ಲ' ಅಂದರೆ ಮುಗಿಯಿತು. ಪ್ರವಾಸವೂ ಮುಗಿಯಿತು. ಅದು ಹೋಗಲಿ ಅಂದರೂ, ಅವರು ನಗುತ್ತಾರೆ. ನನ್ನನ್ನು ನೋಡಿ ನಗಲಿ. ಇದುವರೆಗೆ ಯಾರೂ ನಕ್ಕಿಲ್ಲ, ಅದು ಬೇರೆ ಮಾತು. ಆದರೆ ನಮ್ಮಪ್ಪನನ್ನು ನೋಡಿ ಯಾರೂ ನಗಕೂಡದು. ತೋಟದ ಸಾಹುಕಾರರೇ "ರೈಟರ್ರೇ, ಬನ್ನಿ, ಕೂತ್ಕೊಳ್ಳಿ" ಅಂತ ಮಾತಾಡಿಸುವ ಮನುಷ್ಯ ಅವರು.

"ಬರೀತಾರೆ ಸಾರ್. ಅಪ್ಪ ಬರೀದೇ ಇರೋದು ಏನಿದೆ? ಹೋದ ವರ್ಷವೇ ದಪ್ಪ ದಪ್ಪ ಪುಸ್ತಕ ತುಂಬಿಸಿದಾರೆ."

"ಓದೋಕೆ ಒಂದು ಸಿಗುತ್ತಾ?"

"ಇಲ್ಲ ಸಾರ್. ಎಲ್ಲಾ ಆಡಿಟ್ಟಿಗೆ ಹೋಗಿದೆ."

ಓನರ್ ಮುಖ ಗಂಭೀರವಾಯಿತು. "ಅಲ್ಲಿ ವಿಮರ್ಶೆ ಅಷ್ಟು ಕಟ್ಟುನಿಟ್ಟಾ!"

೩. ಇಂಬಳದ ಅಭ್ಯಾಸ

ಅಲ್ಲಿಂದ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಹೊರಗೆ ಬಿಸಿಲು ಹುರಿಯುತ್ತಿದ್ದರೆ ಒಳಗೆ ಎಲ್ಲರೂ ಕಳಸದ ಮಂಜಿನಲ್ಲಿದ್ದರು. ನಮ್ಮಲ್ಲಿ ಮೇ ತಿಂಗಳಲ್ಲೂ ಕಂಬಳಿ ಹೊದೆಯುತ್ತೇವೆ ಅಂತ ನಾನು ಹೇಳಿದ್ದರಿಂದ ಓನರ್ ಹೊಸ ಸ್ವೆಟರ್ ತಂದು, ಬಿಟ್ಟಿರಲಾರದೆ ಅಂಗಡಿಯಲ್ಲೇ ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಮೇ ತಿಂಗಳಲ್ಲಿ ಕಂಬಳಿ ಹೊದೆಯುವುದು ಅಜ್ಜಿಯೊಬ್ಬರೇ. ಅವರು ಯಾವ ತಿಂಗಳಲ್ಲೂ ಹೊದೆಯುತ್ತಾರೆ.

ಅಕೌಂಟೆಂಟ್ ಕೂಡ ಹೊರಟಿದ್ದರು. ಸಣಕಲು ಮನುಷ್ಯ. ಅವರಿಗೆ ಇಂಬಳದ ಭಯ. "ಅದೇ ರಕ್ತ ಕುಡಿಯೋ ಜಿಗಣೆ. ಬೇಸಿಗೆಲಿ ಇರಲ್ವಂತೆ?" ಅಂತ ಆಸೆಯಿಂದ ಕೇಳಿದರು.

ನಿಜಕ್ಕೂ ಇರುವುದಿಲ್ಲ. ಆದರೆ ನಮ್ಮೂರಲ್ಲಿ ಒಂದು ವಸ್ತು ಇಲ್ಲ ಅಂತ ಬೆಂಗಳೂರಿನವರ ಮುಂದೆ ಒಪ್ಪಿಕೊಳ್ಳುವುದು ಹೇಗೆ? "ಬೇರೆ ಕಡೆ ಇರಲ್ಲ. ನಮ್ಮಲ್ಲಿ ಒಂದು ಹನಿ ಬಿದ್ರೆ ಸಾಕು, ಎದ್ದು ನಿಂತು ಕಾಯ್ತವೆ," ಅಂದೆ.

ಮರುದಿನದಿಂದ ಅವರು ಕಾಲುಚೀಲದೊಳಗೆ ಉಪ್ಪು ತುಂಬಿಕೊಂಡು ಬರತೊಡಗಿದರು. ಉಪ್ಪಿದ್ದರೆ ಇಂಬಳ ಕಚ್ಚುವುದಿಲ್ಲವಂತೆ, ಈಗಲೇ ಅಭ್ಯಾಸ ಆಗಲಿ ಅಂತ. ಅವರು ನಡೆದಲ್ಲೆಲ್ಲ ಕರೀ ಟೈಲ್ಸ್ ಮೇಲೆ ಬಿಳಿ ಚುಕ್ಕಿ ಉದುರುತ್ತಿತ್ತು. ಗಿರಾಕಿಯೊಬ್ಬರು ಬಗ್ಗಿ ನೋಡಿ, "ಈ ಡಿಸೈನ್ ಚೆನ್ನಾಗಿದೆ. ಎಷ್ಟು ಬಾಕ್ಸ್ ಇದೆ?" ಅಂದರು.

ನಾನು ಗಿರಾಕಿಯನ್ನು ಬರಿಗೈಲಿ ಕಳಿಸುವವನಲ್ಲ. "ಅದು ಆರ್ಡರ್ ಮೇಲೆ ಸಾರ್. ಅಕೌಂಟೆಂಟ್ ನಡೀಬೇಕು."

೪. ದೇವರಮನೆ

ಅಂತೂ ಹೊರಟೆವು. ಹಾಸನ, ಬೇಲೂರು ದಾಟುವವರೆಗೆ ಅಕೌಂಟೆಂಟ್ ಮೊಬೈಲಿನಲ್ಲಿ ಮ್ಯಾಪ್ ಹಿಡಿದುಕೊಂಡೇ ಇದ್ದರು. ಮೂಡಿಗೆರೆ ಹತ್ತಿರ ಬಂದಾಗ ನಾನು ಹೇಳಿದೆ, "ಅದನ್ನ ಒಳಗಿಡಿ. ಇಲ್ಲಿನ ತಿರುವುಗಳಿಗೆಲ್ಲ ನನ್ನ ಪರಿಚಯ ಇದೆ."

ನಾನು ದಾರಿ ತಪ್ಪಲಿಲ್ಲ. ದಾರಿ ಬೇರೆ ಕಡೆ ಹೋಯಿತು. ತೋಟದಂಚಿನಲ್ಲಿ ಕತ್ತಿ ಹಿಡಿದು ನಿಂತಿದ್ದ ಹಿರಿಯರೊಬ್ಬರನ್ನು ಕೇಳಿದರೆ, "ಕಳಸಕ್ಕಾ? ಇದ್ಯಾವ ದಾರಿ ಹಿಡಿದ್ರಿ ಮಾರಾಯ್ರೇ! ಹೀಗೇ ಹೋದ್ರೆ ದೇವರಮನೆ. ಇಷ್ಟು ಬಂದಿದೀರಿ, ನೋಡ್ಕೊಂಡೇ ಹೋಗಿ. ಇಲ್ಲೇ, ಎರಡು ತಿರುವು," ಅಂದರು.

ನಮ್ಮ ಕಡೆ ಎರಡು ತಿರುವು ಅಂದರೆ ತಿರುವು ಎಣಿಸುವುದನ್ನು ಬಿಟ್ಟುಬಿಡಿ ಅಂತ ಅರ್ಥ. ಕೊನೆಗೆ ಗುಡ್ಡದ ಮೇಲೆ ಹುಲ್ಲುಗಾವಲು, ಗುಡಿ, ಗಾಳಿ. "ನಿಮಗೆ ಇದನ್ನ ತೋರಿಸಬೇಕು ಅಂತಲೇ ಸುತ್ತಿಸಿದೆ," ಅಂದೆ. ಓನರ್ ಫೈಲು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ನಿಂತರು.

ಅಷ್ಟರಲ್ಲಿ ಅವರ ಹೆಂಡತಿಯ ಫೋನು. ಸ್ಪೀಕರ್ ಹಾಕಿದರು.

"ಎಲ್ಲಿದೀರ್ರೀ?"

"ದೇವರಮನೆಲಿ ಇದೀನಿ ಕಣೇ."

"ಸುಳ್ಳು ಯಾಕೆ ಹೇಳ್ತೀರಿ? ನಾನು ಇಲ್ಲೇ ದೀಪ ಹಚ್ತಾ ಇದೀನಿ."

೫. ಕೊಟ್ಟಿಗೆಹಾರದ ಫೋನು

ಮುನ್ನುಡಿಯ ವಿಷಯ ಅಪ್ಪನಿಗೆ ನಾನಿನ್ನೂ ಹೇಳಿರಲಿಲ್ಲ. ಕೊಟ್ಟಿಗೆಹಾರ ದಾಟಿದರೆ ಮೊಬೈಲು ಬರೀ ಟಾರ್ಚು. ಓನರ್ ಮತ್ತು ಅಕೌಂಟೆಂಟ್ ನೀರುದೋಸೆಗೆ ಕೂತಾಗ ನಾನು ಹೋಟೆಲಿನ ಹಿಂದೆ ಹೋಗಿ ಮನೆಯ ಲ್ಯಾಂಡ್‌ಲೈನಿಗೆ ಫೋನು ಮಾಡಿದೆ. ಅದಾಗಲೇ ಕೊರಕೊರ ಅನ್ನುತ್ತಿತ್ತು.

"ಅಪ್ಪಾ, ಕೇಳ್ತಾ ಇದೆಯಾ? ನಮ್ಮ ಓನರ್ದು ಕವನ ಇದೆ. ಕವನ! ಅದಕ್ಕೆ ನೀವು ನಾಲ್ಕು ಒಳ್ಳೆ ಮಾತು ಬರೆದುಕೊಡಬೇಕು. ಹೊರಗೆ ನಾಲ್ಕು ಜನರ ಹತ್ರ ಹೋಗಬೇಕಂದ್ರೆ ಅದಕ್ಕೊಂದು ಕಾಗದ ಬೇಕಂತೆ."

"ಅದಕ್ಕೆಂಥ ಮಾರಾಯ, ಬರೆದು ಕೊಡಾಣ. ಅದು ಹ್ಯಾಗೆ?"

"ಚೆನ್ನಾಗಿದೆ. ಓನರ್‌ಗೆ ಅದು ಅಂದ್ರೆ ಪ್ರಾಣ."

"ಗಲಾಟೆ ಗಿಲಾಟೆ?"

"ಏನಿಲ್ಲ. ತಣ್ಣಗಿದೆ."

"ನಮ್ಮ ಮಳೆಗೆ ತಡ್ಕೊಳ್ಳುತ್ತಾ?"

"ಅದು ಇರೋದೇ ಮಳೆ ಮೇಲೆ!"

"ಅಲ್ಲ, ತೂಕ ಗೀಕ?"

ನಾನು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದೆ. "ನಮ್ಮೊಳಗಿರಲಿ ಅಪ್ಪಾ. ತೂಕ ಸ್ವಲ್ಪ ಕಮ್ಮಿ."

"ಪಾಪ," ಅಂದರು ಅಪ್ಪ. "ಸಿಟಿಲಿ ಊಟ ಸರಿ ಇರಲ್ಲ."

ಲೈನ್ ಕಟ್ಟಾಯಿತು. ಕೊನೆಯ ಮಾತು ನನಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ ಸಾಹಿತ್ಯದ ಬಗ್ಗೆ ಅಪ್ಪ ಇಷ್ಟು ಆಳವಾಗಿ ಯೋಚಿಸಿದ್ದಾರೆ ಅಂತ ಹೆಮ್ಮೆಯಾಯಿತು.

೬. ಮುನ್ನುಡಿ

ನಾವು ಮುಟ್ಟಿದಾಗ ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಗಿಸಿಕೊಂಡು ಅಂಗಳದಲ್ಲಿ ನಿಂತಿದ್ದರು. ಸೆಖೆಯಲ್ಲಿ ಸ್ವೆಟರ್ ತೊಟ್ಟು ನೀರಾಗಿದ್ದ ಓನರ್ ಕಾರಿಳಿದವರೇ ಕಾಲಿಗೆ ಬಿದ್ದರು.

"ಅಯ್ಯಯ್ಯೋ, ಎಂಥ ಇದು, ಏಳಿ ಏಳಿ," ಅಂತ ಅಪ್ಪ ಅವರನ್ನು ಎಬ್ಬಿಸಿ, ಕಾರಿನೊಳಗೆ ಬಗ್ಗಿ ನೋಡಿದರು. "ಕವನ ಬಂದಿದೆಯಾ?"

"ಬಂದಿದೆ ಸಾರ್," ಅಂತ ಓನರ್ ಫೈಲನ್ನು ಎದೆಗೊತ್ತಿಕೊಂಡರು.

ಒಳಗಿನಿಂದ ಅಮ್ಮ ಕೂಗಿದರು. "ಅದಕ್ಕೆ ಸ್ನಾನಕ್ಕೆ ಬಿಸಿನೀರು ಕಾದಿದೆ!"

ಅಕೌಂಟೆಂಟ್ ನನ್ನ ಮುಖ ನೋಡಿದರು. ನಾನು ಗುಡ್ಡ ನೋಡಿದೆ.

ಅಪ್ಪ ಜೇಬಿನಿಂದ ಕವರೊಂದನ್ನು ತೆಗೆದರು. "ಬರೆದಿಟ್ಟಿದೀನಿ. ಮಗ ಹೇಳಿದ ಮೇಲೆ ನಾನು ನೋಡೋದೆಂಥ ಇದೆ?"

ಕುಯ್ಲು ಮುಗಿದು ಆಳುಗಳು ಬೇರೆ ತೋಟಕ್ಕೆ ಹೊರಟಾಗ, ಇವರು ಇಂಥವರು ಅಂತ ರೈಟರ್ ಒಂದು ಚೀಟಿ ಬರೆದುಕೊಡುವುದು ನಮ್ಮ ತೋಟದ ರೂಢಿ. ಓನರ್ ಅಂಗಳದಲ್ಲೇ ನಿಂತು ಗಟ್ಟಿಯಾಗಿ ಓದತೊಡಗಿದ ಮೇಲೆ ನನಗೆ ಅದು ನೆನಪಾಯಿತು.

"ಸದರಿ ಕವನದ ಗುಣನಡತೆ ಉತ್ತಮವಾಗಿದೆ. ಕುಡಿತದ ಚಟ ಇಲ್ಲ. ಜಗಳಗಂಟಿಯಲ್ಲ. ಮಳೆಯಲ್ಲಿ ನೆನೆದರೂ ತಾಳುತ್ತದೆ. ತೂಕ ಕಡಿಮೆ ಇರುವುದರಿಂದ ಮೂಟೆ ಹೊರುವ ಕೆಲಸಕ್ಕೆ ಹಚ್ಚಬಾರದು. ಇಷ್ಟವಿದ್ದವರು ಇಟ್ಟುಕೊಳ್ಳಬಹುದು. ನಮ್ಮ ತೋಟದ ತಕರಾರು ಇರುವುದಿಲ್ಲ."

ಕೆಳಗೆ ಅಪ್ಪನ ಸಹಿ. ಸಹಿಯ ಕೆಳಗೆ 'ರೈಟರ್' ಅಂತ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ತೋಟದ ಸೀಲು.

ಅಕೌಂಟೆಂಟ್ ಬಾಯಿಗೆ ಕರ್ಚೀಫು ತುರುಕಿಕೊಂಡರು. ನಾನು ಮುಷ್ಟಿ ಬಿಗಿ ಹಿಡಿದು ಓನರ್ ಮುಖವನ್ನೇ ನೋಡುತ್ತಿದ್ದೆ. ಅವರು ಈಗ ನಕ್ಕರೆ ಕೆಲಸ ಹೋದರೂ ಸರಿ, ಒಂದು ಮಾತು ಆಡಿಯೇ ಬಿಡುವುದು ಅಂತ ತೀರ್ಮಾನಿಸಿದ್ದೆ.

ಓನರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೂಟೆ ಹೊರುವ ಕೆಲಸಕ್ಕೆ ಹಚ್ಚಬಾರದು... ಎಂಥ ಮಾತು! ಸಿದ್ಧಾಂತದ ಮೂಟೆ ಅಲ್ವಾ ಸಾರ್ ನೀವು ಹೇಳಿದ್ದು?"

"ಯಾವ ಮೂಟೆಯೂ ಬೇಡ," ಅಂದರು ಅಪ್ಪ.

"ಹೀಗೆ ಬಹಳ ಜನಕ್ಕೆ ಬರೆದುಕೊಟ್ಟಿದೀರಾ ಸಾರ್?"

"ವರ್ಷಾ ವರ್ಷಾ ಬರೀತೀನಲ್ಲ. ನಾನು ಬರೆದುಕೊಟ್ಟವರೆಲ್ಲ ಈಗ ಕೈತುಂಬಾ ದುಡೀತಿದಾರೆ."

"ಕವನದಿಂದ ದುಡಿಮೆ!" ಅಂತ ಓನರ್ ಮತ್ತೆ ಕಾಲಿಗೆ ಬಿದ್ದರು. ಕಾಗದವನ್ನು ಇದ್ದ ಹಾಗೆ, ಸೀಲಿನ ಸಮೇತ, ಪುಸ್ತಕದ ಮೊದಲ ಪುಟಕ್ಕೇ ಹಾಕಿಸುತ್ತೇನೆ ಅಂತ ಮಾತು ಕೊಟ್ಟು, ಅಮ್ಮ ಕಾಯಿಸಿದ್ದ ಬಿಸಿನೀರಲ್ಲಿ ತಾವೇ ಸ್ನಾನಕ್ಕೆ ಹೋದರು.

ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಪಾಪ, ಒಳ್ಳೆ ಮನುಷ್ಯ. ಅಲ್ಲ, ಆ ಕವನ ಅನ್ನೋ ಹುಡುಗಿ ಎಲ್ಲೋ?" ನಮ್ಮ ಕಡೆ ಹುಡುಗಿಯರನ್ನು 'ಅದು' ಅಂತಲೇ ಅನ್ನುವುದು.

"ಹುಡುಗಿ ಅಲ್ಲಪ್ಪಾ. ಕವನ ಅಂದ್ರೆ ಪದ್ಯ. ಆ ಫೈಲಲ್ಲಿದೆ ನೋಡಿ, ಅದು."

ಅಪ್ಪ ಜಗಲಿಯ ಮೇಲಿದ್ದ ಫೈಲನ್ನು ನೋಡಿದರು. ಬಚ್ಚಲುಮನೆಯ ಕಡೆ ನೋಡಿದರು. ಮುಖ ಸಪ್ಪಗಾಯಿತು.

"ಮೊದಲೇ ಹೇಳೋದಲ್ವಾ ಮಾರಾಯ! ಓದಿ ನೋಡದೆ, ಕುಡಿತದ ಚಟ ಇಲ್ಲ ಅಂತ ಸೀಲು ಹಾಕ್ಬಿಟ್ಟೆನಲ್ಲ!"